ಪೂಜೆಯನ್ನು ಕಳವೆಂದು ತಿಳಿದ ಗಣಕಯಂತ್ರ ಮಹಾಶಯರಿಗೆ

ಶ್ರೀಮನ್ಮಹಾ ವಿದ್ಯುಜ್ಜಾಲ ಸಂರಕ್ಷಕ ಗಣಕಯಂತ್ರ ಮಹಾಶಯರ ಸನ್ನಿಧಾನಕ್ಕೆ,
ಏಳನೆಯ ಮಹಡಿಯ ತಂಪು ಕೋಣೆ, ಹಿಂಜವಾಡಿ, ಪುಣೆ.

ವಿಷಯ: ನಮ್ಮವ್ವ ಕಳವು ಮಾಡಿಲ್ಲವೆಂದು ತಮಗೆ ತಿಳಿಯಪಡಿಸುವ ಬಗ್ಗೆ.

ಮಾನ್ಯರೇ,

ಪುಣೆಯ ಕೊಂಢವಾ ಬಡಾವಣೆಯ ಜೋಳದ ಹಿಟ್ಟಿನ ಗಿರಣಿಯ ಧರ್ಮಣ್ಣ ಮಾಡುವ ಸಾಷ್ಟಾಂಗ ನಮಸ್ಕಾರಗಳು. ನಾವು ಇಲ್ಲಿ ಹನ್ನೊಂದು ದಿನಗಳಿಂದ ತಮ್ಮ ಕೃಪೆಯಿಂದ ಕತ್ತಲೆಯಲ್ಲಿ ಕ್ಷೇಮ. ತಾವು ಅಲ್ಲಿ ಎಂದೂ ಆರದ ದೀಪಗಳ ಕೆಳಗೆ, ಎಂದೂ ನಿಲ್ಲದ ಏಸಿಗಳ ತಂಪಿನಲ್ಲಿ ಕ್ಷೇಮವಾಗಿರುವಿರೆಂದು ನಂಬಿದ್ದೇನೆ. ಯಂತ್ರಕ್ಕೆ ಯಾರಾದರೂ ಪತ್ರ ಬರೆಯುತ್ತಾರೆಯೇ ಎಂದು ನನ್ನ ಹೆಂಡತಿ ನಕ್ಕಳು. ಆದರೆ ತಾವು ಪ್ರತಿ ಹದಿನೈದು ನಿಮಿಷಕ್ಕೊಮ್ಮೆ ಲಕ್ಷಾಂತರ ಮೀಟರುಗಳನ್ನು ಓದುತ್ತೀರೆಂದು ಕೇಳಿದ್ದೇನೆ. ಅಷ್ಟನ್ನೆಲ್ಲ ಓದುವವರಿಗೆ ಎರಡು ಹಾಳೆಯ ಕನ್ನಡ ಒಂದು ಭಾರವಾಗಲಾರದು. ಮೇಲಾಗಿ ನಾನು ಫೋನು ಮಾಡಿದಾಗಲೆಲ್ಲ ತಮ್ಮ ಪರವಾಗಿ ಮಾತಾಡುವ ಹೆಣ್ಣುದನಿ, ನನ್ನ ಕರೆ ತಮಗೆ ಅತ್ಯಮೂಲ್ಯವಾದುದೆಂದು ಇಪ್ಪತ್ತು ನಿಮಿಷ ಹೇಳಿ, ನಾನು ಬಾಯಿ ತೆರೆಯುವಷ್ಟರಲ್ಲಿ ಫೋನು ಇಟ್ಟುಬಿಡುತ್ತದೆ. ಅಷ್ಟು ಮರ್ಯಾದೆ ನನಗೆ ಬೀಗರ ಮನೆಯಲ್ಲೂ ಸಿಕ್ಕಿದ್ದಿಲ್ಲ.

ಮೊದಲು ನನ್ನ ಪರಿಚಯ. ನಮ್ಮದು ಯಾದಗಿರಿ ಕಡೆಯ ಊರು. ನಮ್ಮಪ್ಪ ಪುಣೆಗೆ ಕಲ್ಲು ಹೊರಲು ಬಂದವನು. ನಾನು ಹೊರುವುದನ್ನು ಬಿಟ್ಟು ಬೀಸುವುದನ್ನು ಹಿಡಿದೆ. ಗಿರಣಿಯ ಹಿಂದಿನ ಎರಡು ಕೋಣೆಗಳಲ್ಲಿಯೇ ನಮ್ಮ ವಾಸ, ಎಲ್ಲಕ್ಕೂ ಸೇರಿ ಒಂದೇ ಮೀಟರು. ಕಳೆದ ಬೇಸಿಗೆಯಲ್ಲಿ ತಮ್ಮವರು ಬಂದು, ಇಪ್ಪತ್ತು ವರ್ಷ ಚಕಾರವೆತ್ತದೆ ತಿರುಗಿದ ಹಳೆಯ ಮೀಟರನ್ನು ಕಿತ್ತು, ಕಬ್ಬಿಣದ ಪೆಟ್ಟಿಗೆಯಲ್ಲಿ ಸ್ಮಾರ್ಟ್ ಮೀಟರನ್ನು ಕೂರಿಸಿದರು. ಇದು ತಾನೇ ಲೆಕ್ಕ ಕಳಿಸುತ್ತದೆ, ಎಲ್ಲಿ ತಂತಿ ಹರಿದರೂ ತಾನೇ ಹೇಳುತ್ತದೆ, ಪರದೇಶದ ಕಿಡಿಗೇಡಿಗಳು ಕಂಪ್ಯೂಟರಿನೊಳಗೆ ನುಗ್ಗಿ ಇಡೀ ಪುಣೆಯನ್ನು ಕತ್ತಲು ಮಾಡಲು ಬಂದರೂ ಹಿಂಜವಾಡಿಯ ಗಣಕಯಂತ್ರ ಅವರನ್ನು ಬಾಗಿಲಲ್ಲೇ ತಡೆಯುತ್ತದೆ ಎಂದು ಹೇಳಿದರು. ನಾವು ಬೆರಗಾಗಿ ಅವರಿಗೆ ಚಹಾ ಕೊಟ್ಟೆವು. ತಾವು ತಡೆಯಬೇಕಾದ ಮೊದಲ ಕಿಡಿಗೇಡಿ ನಮ್ಮವ್ವ ಎಂದು ಅವರೂ ಹೇಳಲಿಲ್ಲ, ನಮಗೂ ಹೊಳೆಯಲಿಲ್ಲ.

ನಮ್ಮವ್ವನ ಹೆಸರು ಅವ್ವಮ್ಮ. ವಯಸ್ಸು ಎಪ್ಪತ್ತೆರಡು. ಗಿರಣಿಯ ನಿಜವಾದ ಯಜಮಾನಿ ಅವಳೇ. ಬೀಳುವ ಹಿಟ್ಟನ್ನು ಹೆಬ್ಬೆರಳಲ್ಲಿ ತಿಕ್ಕಿ ನೋಡಿ ಕಲ್ಲು ಬಿಗಿ ಮಾಡಬೇಕೋ ಸಡಿಲಿಸಬೇಕೋ ಹೇಳುವವಳು. ಮಹಾನವಮಿಯ ದಿನ, ಅಂದರೆ ತಾವು ಪುಣೆಯಲ್ಲಿದ್ದೂ ಕೇಳಿರದ ಖಂಡೇನವಮಿಯ ದಿನ, ದುಡಿದು ಅನ್ನ ಹಾಕುವ ಆಯುಧಗಳಿಗೆಲ್ಲ ರಜೆ ಕೊಟ್ಟು ಪೂಜೆ ಮಾಡುವುದು ನಮ್ಮ ಪದ್ಧತಿ. ಹಾಗೆಯೇ ಆ ದಿನವೂ ಗಿರಣಿ ನಿಲ್ಲಿಸಿ, ಕಲ್ಲಿಗೆ ಹಲ್ಲು ಹೊಡೆಯುವ ಉಳಿ, ಸುತ್ತಿಗೆ, ತಕ್ಕಡಿ, ಜೋಳದೊಳಗಿನ ಮೊಳೆ ಸೂಜಿಗಳನ್ನು ಹಿಡಿಯುವ ಅಂಗೈಯಗಲದ ಅಯಸ್ಕಾಂತ, ಎಲ್ಲವನ್ನೂ ತೊಳೆದು ಮಣೆಯ ಮೇಲಿಟ್ಟು ಕುಂಕುಮ ಹಚ್ಚಿದಳು. ಆಮೇಲೆ ಅವಳ ಕಣ್ಣು ಗೋಡೆಯ ಮೇಲೆ ಹೋಯಿತು. ಈ ವರ್ಷ ಮನೆಗೆ ಹೊಸದಾಗಿ ಬಂದ ಸದಸ್ಯನೊಬ್ಬ ಪೂಜೆಯಿಲ್ಲದೆ ಕುಳಿತಿದ್ದ.

“ಪಾಪ, ಇದೂ ನಮ್ಮ ಕೂಡ ದುಡಿತದ. ಆದ್ರ ಗ್ವಾಡಿ ಬಿಟ್ಟು ಇಳಿದು ಬರಂಗಿಲ್ಲ, ದೊಡ್ಡವರ ಕಡಿಂದ ಬಂದದ. ನಾವೇ ಹೋಗಬೇಕು ಬಿಡು,” ಎಂದಳು. ಮಣೆಯ ಮೇಲಿನ ಎಲ್ಲ ಆಯುಧಗಳ ಪರವಾಗಿ ಒಬ್ಬರು ಮೇಲೆ ಹೋಗಿ ಹೊಸಬರನ್ನು ಮಾತಾಡಿಸಿ ಬರಲಿ ಎಂದು ಅಯಸ್ಕಾಂತವನ್ನು ಆರಿಸಿದಳು. ಮೊಳೆಯಿಲ್ಲದೆ, ದಾರವಿಲ್ಲದೆ, ಹತ್ತಿರ ಒಯ್ಯುವಷ್ಟರಲ್ಲಿ ಅದು ತಾನಾಗಿಯೇ ಹಾರಿ ಮೀಟರಿನ ಪೆಟ್ಟಿಗೆಗೆ ಅಂಟಿಕೊಂಡಿತು. ಇಷ್ಟು ಒಳ್ಳೆಯ ಶಕುನವನ್ನು ತನ್ನ ಜನ್ಮದಲ್ಲಿ ಕಂಡಿಲ್ಲವೆಂದು ಅವಳು ಕೈಮುಗಿದಳು. ನಾನು ಊದುಬತ್ತಿ ಬೆಳಗಿದೆ. ನನ್ನ ತಪ್ಪೂ ಇದೆ, ಮುಚ್ಚಿಡುವುದಿಲ್ಲ.

ಲೋಕದಲ್ಲಿ ಕೆಲವರು ಮೀಟರಿನ ಲೆಕ್ಕ ತಪ್ಪಿಸಲು ಅದಕ್ಕೆ ಅಯಸ್ಕಾಂತ ಹಚ್ಚುತ್ತಾರಂತೆ. ಇದು ನಮಗೆ ತಿಳಿದದ್ದು ಪೂಜೆಯಾದ ಒಂದು ಗಂಟೆಯ ಮೇಲೆ, ತಮ್ಮ ಸಂದೇಶದಿಂದ. ಮೀಟರಿಗೆ ಅಯಸ್ಕಾಂತ ತಾಗಿದೆ, ಅದೇ ದಿನ ಗಿರಣಿಯ ಬಳಕೆ ಶೂನ್ಯಕ್ಕೆ ಇಳಿದಿದೆ, ಆದ್ದರಿಂದ ಕಳವಿನ ಅನುಮಾನ, ಆದ್ದರಿಂದ ದೂರದಿಂದಲೇ ಸಂಪರ್ಕ ಕಡಿತ! ಎಂಥ ತರ್ಕ, ಎಂಥ ವೇಗ! ಆಯುಧಗಳು ರಜೆಯಲ್ಲಿದ್ದುದರಿಂದ ಬಳಕೆ ಶೂನ್ಯವಾಗಿತ್ತೆಂಬ ಸಣ್ಣ ಸಂಗತಿಯೊಂದನ್ನು ಬಿಟ್ಟರೆ ತಾವು ಕಂಡುಹಿಡಿದದ್ದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ದೇವರು ಕೂಡ ಪೂಜೆಗೆ ಇಷ್ಟು ಬೇಗ ಫಲ ಕೊಟ್ಟದ್ದನ್ನು ನಾನು ಕೇಳಿಲ್ಲ.

ನಮ್ಮ ಓಣಿಯ ಲೈನ್‌ಮನ್ ಅಮರ ಒಳ್ಳೆಯ ಹುಡುಗ. ಮೊದಲು ಕರೆಂಟು ಹೋದರೆ ಏಣಿ ತಂದು, ಕಂಬ ಹತ್ತಿ, ಬೈದುಕೊಳ್ಳುತ್ತಲೇ ಸರಿ ಮಾಡಿ ಹೋಗುತ್ತಿದ್ದ. ಈಗ ಅವನು ಬಂದು ಮೀಟರಿನ ಎದುರು ನಿಂತು ಫೋನಿನಲ್ಲಿ ಕೆಂಪು ಚುಕ್ಕೆಯೊಂದನ್ನು ತೋರಿಸಿ, “ಮಾಝ್ಯಾ ಹಾತಾತ್ ಕಾಹೀ ನಾಹೀ, ಕಾಕಾ,” ಎಂದು ಎರಡೂ ಕೈಗಳನ್ನು ತಿರುವಿ ತೋರಿಸಿದ. ನಿಜವಾಗಿಯೂ ಅವನ ಕೈಯಲ್ಲಿ ಏನೂ ಇರಲಿಲ್ಲ, ಇಕ್ಕಳವನ್ನೂ ಕಸಿದುಕೊಂಡಿದ್ದೀರಿ. ಇಂಥ ಪ್ರಗತಿಗೆ ನನ್ನ ಅಭಿನಂದನೆಗಳು.

ಇನ್ನು ನಮ್ಮ ಗಿರಾಕಿಗಳು. ಕಟ್ಟಡಗಳಲ್ಲಿ ಸೆಂಟ್ರಿಂಗ್ ಕೆಲಸ ಮಾಡುವ ನಮ್ಮ ಕಡೆಯ ಮಂದಿ ಬೆಳಿಗ್ಗೆ ಡಬ್ಬಿ ಇಟ್ಟು ಹೋಗಿ ಸಂಜೆ ಹಿಟ್ಟು ಒಯ್ಯುವವರು. ಈಗ ಅವರು ದೊಡ್ಡ ರಸ್ತೆಯಾಚೆಯ ಗಿರಣಿಗೆ ಹೋಗುತ್ತಿದ್ದಾರೆ. ಅಲ್ಲಿ ಗೋಧಿ ಬೀಸಿದ ಕಲ್ಲಿನಲ್ಲೇ ಜೋಳವನ್ನೂ ಬೀಸುತ್ತಾರೆ. “ಅಣ್ಣಾರ, ಆ ಹಿಟ್ಟಿನ ರೊಟ್ಟಿ ಬಡಿಯಾಕ ಹೋದ್ರ ಹರೀತಾವ್ರಿ, ನನ್ನ ಹೇಂತಿ ಸಿಟ್ಟೆಲ್ಲ ನನ್ನ ಮ್ಯಾಲ ತೀರಿಸ್ಕೊಳ್ಳಾಕತ್ಯಾಳ,” ಎಂದು ಹುಸೇನಪ್ಪ ಎಂಬ ಕೆಲಸಗಾರ ದಿನವೂ ಬಂದು ಅಳುತ್ತಾನೆ. ವಿದ್ಯುಜ್ಜಾಲದ ರಕ್ಷಣೆಗಾಗಿ ಅವನ ಸಂಸಾರ ಇಷ್ಟಾದರೂ ತ್ಯಾಗ ಮಾಡಲೇಬೇಕೆಂದು ನಾನು ಸಮಾಧಾನ ಹೇಳಿದ್ದೇನೆ.

ಆದರೆ ಮಹಾಶಯರೇ, ನಮ್ಮವ್ವನಿಗೆ ಸಮಾಧಾನ ಹೇಳಲು ನನಗೆ ಬಂದಿಲ್ಲ. ಓಣಿಯಲ್ಲಿ ಸುದ್ದಿ ಬಾಯಿಂದ ಬಾಯಿಗೆ ಹೋಗಿ, ಗಿರಣಿಯವರು ಕರೆಂಟು ಕದ್ದು ಸಿಕ್ಕಿಬಿದ್ದರಂತೆ ಎಂದಾಗಿದೆ. ಅವಳು ಆ ದಿನದಿಂದ ಗಿರಣಿಯ ಕಡೆ ಬಂದಿಲ್ಲ. ಒಲೆ ಮುಟ್ಟಿಲ್ಲ, ದೀಪ ಹಚ್ಚಿಲ್ಲ, ಎರಡೂ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡು ಕೂರುತ್ತಾಳೆ. “ನಾ ಮುಟ್ಟಿದ್ದಕ್ಕೇ ಹಿಂಗಾತಲ್ಲಪ್ಪಾ. ಮಂದಿ ಇವು ಕಳ್ಳರ ಕೈ ಅಂತಾರೇನು?” ಎಂದು ಒಮ್ಮೆ ಕೇಳಿದಳು. ಪರರ ಜೋಳದ ಒಂದು ಕಾಳು ತನ್ನ ಸೆರಗಿಗೆ ಅಂಟಿದ್ದರೂ ಡಬ್ಬಿಗೆ ಹಿಂತಿರುಗಿಸಿದವಳು ಅವಳು. ನನಗೆ ಅಳು ಬಂತು, ಆಮೇಲೆ ಸಿಟ್ಟು ಬಂತು, ಆ ಸಿಟ್ಟಿನಲ್ಲಿ ಎರಡು ಬಸ್ಸು ಬದಲಿಸಿ ತಮ್ಮ ದರ್ಶನಕ್ಕೆ ಹಿಂಜವಾಡಿಗೆ ಬಂದೆ.

ತಮ್ಮ ದರ್ಶನ ಸಿಗಲಿಲ್ಲ. ಕೆಳಗೆ ಚಹಾದಂಗಡಿಯಲ್ಲಿ ತಮ್ಮ ಸೇವೆಯಲ್ಲಿರುವ ಇಂಪನಾ ಎಂಬ ತುಮಕೂರಿನ ಹುಡುಗಿ ಸಿಕ್ಕಳು; ನಾನು ಫೋನಿನಲ್ಲಿ ಮನೆಗೆ ಮಾತಾಡುವುದನ್ನು ಕೇಳಿ, ತಾನೂ ಕನ್ನಡದವಳೆಂದು ತಾನಾಗಿಯೇ ಮಾತಾಡಿಸಿದಳು. ಕಥೆ ಕೇಳಿ ಅವಳಿಗೆ ನಗು ತಡೆಯಲಾಗಲಿಲ್ಲ, ಆಮೇಲೆ ನಾಚಿಕೆಯೂ ಆಯಿತು. ಲ್ಯಾಪ್‌ಟಾಪ್ ತೆರೆದು ನಮ್ಮ ಮೀಟರನ್ನು ಹುಡುಕಿದಳು. “ಅಂಕಲ್, ಸಿಸ್ಟಮ್ಮಲ್ಲಿ ಕಾರಣ ಸೆಲೆಕ್ಟ್ ಮಾಡ್ಬೇಕು. ಕಳ್ಳತನ ಇದೆ, ಬೆಂಕಿ ಇದೆ, ನೀರು ನುಗ್ಗಿದ್ದು ಇದೆ, ಇಲಿ ಇದೆ. ಪೂಜೆ ಅಂತ ಆಪ್ಷನ್ನೇ ಇಲ್ಲ. ಇಲಿ ಅಂತ ಹಾಕ್ಬಿಡ್ಲಾ? ನಾಳೆನೇ ಕರೆಂಟ್ ಬರುತ್ತೆ,” ಎಂದಳು.

ಆ ಹುಡುಗಿಯ ಮನಸ್ಸು ಒಳ್ಳೆಯದು, ಅವಳಿಗೆ ದೇವರು ಒಳ್ಳೆಯದು ಮಾಡಲಿ. ನಾನೂ ಒಂದು ಗಳಿಗೆ ತಲೆಯಾಡಿಸಿಬಿಡುವವನಿದ್ದೆ. ಹುಸೇನಪ್ಪನ ಹರಿದ ರೊಟ್ಟಿಗಳು ಕಣ್ಣಮುಂದೆ ಬಂದವು. ಆದರೆ ಕಳ್ಳಿಯ ಪಟ್ಟ ತಪ್ಪಿಸಲು ಹೆತ್ತವ್ವನನ್ನು ಇಲಿ ಎಂದು ಬರೆಯಿಸಿ ಬಂದೆ ಎಂದು ಮನೆಗೆ ಹೋಗಿ ಯಾವ ಬಾಯಲ್ಲಿ ಹೇಳಲಿ? ಬೇಡವ್ವಾ ಎಂದು ಹೇಳಿ, ಚಹಾ ಕುಡಿದು, ಬಂದ ದಾರಿಗೆ ಸುಂಕವಿಲ್ಲವೆಂದು ಮರಳಿದೆ.

ತಮ್ಮ ಕಣ್ಣಿನ ಸೂಕ್ಷ್ಮತೆಯನ್ನು ಹೊಗಳದೆ ಈ ಪತ್ರ ಮುಗಿಸುವುದು ಕೃತಘ್ನತೆಯಾದೀತು. ಮಳೆಗಾಲದಲ್ಲಿ ನಮ್ಮ ಮೂಲೆಯ ಟ್ರಾನ್ಸ್‌ಫಾರ್ಮರಿನ ಮೇಲೆ ಮರದ ಕೊಂಬೆ ಬಿದ್ದು ಮೂರು ದಿನ ಕಿಡಿ ಹಾರಿದಾಗ, ಮಕ್ಕಳನ್ನು ಹೊರಗೆ ಬಿಡದೆ ನಾವು ಬಾಗಿಲು ಹಾಕಿಕೊಂಡಿದ್ದಾಗ, ನಿಮ್ಮ ಪ್ರದೇಶದ ಸರಬರಾಜು ಅತ್ಯುತ್ತಮವಾಗಿದೆ ಎಂದು ತಮ್ಮಿಂದ ಸಂದೇಶ ಬಂದಿತ್ತು, ಅದನ್ನು ಜೋಪಾನವಾಗಿ ಇಟ್ಟಿದ್ದೇನೆ. ಅದೇ ಓಣಿಯ ತುದಿಯಲ್ಲಿ ನಾಯಕರೊಬ್ಬರ ಹುಟ್ಟುಹಬ್ಬದ ಮಂಟಪಕ್ಕೆ ಕಂಬದ ತಂತಿಗೇ ಕೊಕ್ಕೆ ಸಿಕ್ಕಿಸಿ ಒಂಬತ್ತು ದಿನ ಜಗಮಗ ದೀಪ ಹಾಕಿದ್ದರು. ಅದು ತಮಗೆ ಕಾಣಲಿಲ್ಲ, ಏಕೆಂದರೆ ಅವರ ಬಳಿ ಮೀಟರೇ ಇರಲಿಲ್ಲ. ಮೀಟರು ಇಟ್ಟುಕೊಂಡವರನ್ನು ಮಾತ್ರ ಕಳ್ಳರೆಂದು ಹಿಡಿಯುವ ತಮ್ಮ ನ್ಯಾಯದ ಮುಂದೆ ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಳ್ಳಲು ನಮಗೆ ಹೆಗಲಾದರೂ ಇದೆಯಲ್ಲ ಎಂದು ಹೆಮ್ಮೆಪಡುತ್ತೇನೆ.

ಆದಕಾರಣ ನನ್ನ ವಿನಮ್ರ ಬಿನ್ನಹಗಳೇನೆಂದರೆ, ತಾವು ಒಂದು ದಿನ ರಜೆ ಹಾಕಿ, ಆ ತಂಪು ಕೋಣೆಯಿಂದ ಇಳಿದು, ಕಂಪನಿಯ ಕ್ಯಾಬಿನಲ್ಲಾದರೂ ಸರಿ, ಕೊಂಢವಾಕ್ಕೆ ದಯಮಾಡಿಸಬೇಕು. ಡಬ್ಬಿ ಹಿಡಿದು ಹುಸೇನಪ್ಪನ ಹಿಂದೆ ಸಾಲಿನಲ್ಲಿ ನಿಲ್ಲಬೇಕು. ಪಂಚಾಂಗ ಓದಲು ಕಲಿಯಬೇಕು. ಪ್ರತಿ ಹದಿನೈದು ನಿಮಿಷಕ್ಕೊಮ್ಮೆ ಬೇಡ, ವರ್ಷಕ್ಕೊಮ್ಮೆ ಸಾಕು. ನಮ್ಮ ಮನೆಯಲ್ಲಿ ಒಂದು ಬಿಸಿ ರೊಟ್ಟಿ, ಪುಂಡಿಪಲ್ಯ ಸವಿದು ಅದರ ರುಚಿ ಸಹಜವೋ ಅಸಹಜವೋ ಎಂದು ವರದಿ ಕೊಡಬೇಕು. ಇವು ಯಾವುವೂ ಆಗದಿದ್ದರೆ ಒಂದನ್ನಾದರೂ ಮಾಡಬೇಕು. ನಮ್ಮವ್ವನಿಗೆ ಓದಲು ಬರುವುದಿಲ್ಲ, ಸಂದೇಶ ಕಳಿಸಿ ಪ್ರಯೋಜನವಿಲ್ಲ. ತಮ್ಮ ಆ ಹೆಣ್ಣುದನಿಗೆ ಎರಡು ಮಾತು ಕನ್ನಡ ಕಲಿಸಿ ಫೋನು ಮಾಡಿಸಬೇಕು. “ಅವ್ವಮ್ಮನವರೇ, ತಪ್ಪು ನಿಮ್ಮದಲ್ಲ, ನನ್ನದು” ಎಂದಷ್ಟೇ ಹೇಳಿದರೆ ಸಾಕು, ಯಾವ ಗುಂಡಿಯನ್ನೂ ಒತ್ತಿಸುವ ಅಗತ್ಯವಿಲ್ಲ. ಕರೆಂಟು ಆಮೇಲೆ ಬಂದರೂ ನಡೆಯುತ್ತದೆ.

ತಮ್ಮ ಅನುಮಾನಕ್ಕೆ ಪಾತ್ರನಾಗಿಯೂ
ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಧರ್ಮಣ್ಣ
ಹಿಟ್ಟಿನ ಗಿರಣಿ, ಕೊಂಢವಾ

ತಾ.ಕ.: ಇದನ್ನು ಲಕೋಟೆಗೆ ಹಾಕುವ ಮೊದಲೇ, ನಿನ್ನೆ ಬೆಳಿಗ್ಗೆ, ಕರೆಂಟು ಬಂತು. ಹನ್ನೊಂದು ದಿನಗಳಿಂದ ನಮ್ಮಲ್ಲಿ ಯಾವುದೇ ಅಸಹಜ ಬಳಕೆ ಕಂಡುಬರದ ಕಾರಣ ಅನುಮಾನ ತೆಗೆದುಹಾಕಲಾಗಿದೆ ಎಂಬ ಸಂದೇಶವೂ ಬಂತು. ತಾವೇ ಕರೆಂಟು ಕಡಿದ ಮನೆಯಲ್ಲಿ ಯಾರೂ ಕರೆಂಟು ಬಳಸುತ್ತಿಲ್ಲವೆಂದು ಪತ್ತೆ ಹಚ್ಚಿದ ತಮ್ಮ ಬುದ್ಧಿಗೆ ಶರಣು. ಒಂದು ದಿನ ಬಳಸದಿದ್ದುದಕ್ಕೆ ಕಳ್ಳನಾದವನು ಹನ್ನೊಂದು ದಿನ ಬಳಸದೆ ಸತ್ಯವಂತನಾದೆ. ಸುದ್ದಿ ಹಬ್ಬಿ ಓಣಿಯ ಜೋಳವೆಲ್ಲ ಒಮ್ಮೆಗೇ ಬಂತು, ಗಿರಣಿ ಹಗಲಿಡೀ ನಿಲ್ಲಲಿಲ್ಲ. ಸಂಜೆ ತಮ್ಮ ಇನ್ನೊಂದು ಸಂದೇಶ: ಬಳಕೆಯಲ್ಲಿ ಏಕಾಏಕಿ ಅಸಹಜ ಏರಿಕೆ, ಮೀಟರು ಮತ್ತೆ ಪರಿಶೀಲನೆಯಲ್ಲಿದೆ. ಹೆದರಿ ಮೋಟರು ನಿಲ್ಲಿಸಲು ಹೋದವನ ಕೈಯನ್ನು ನಮ್ಮವ್ವ ಒಳಗಿನಿಂದ ಬಂದು ಹಿಡಿದಳು. ಏನಾಯಿತೆಂದು ಕೇಳಿ ತಿಳಿದುಕೊಂಡಳು, ಹುಸೇನಪ್ಪನ ಡಬ್ಬಿಯನ್ನೆತ್ತಿ ತಾನೇ ಜೋಳ ಸುರಿದಳು, ಮತ್ತು ನನಗೊಂದು ಮಾತು ಹೇಳಿದಳು, ಅದನ್ನು ತಮಗೂ ತಲುಪಿಸುತ್ತಿದ್ದೇನೆ: “ಅದಕ್ಕ ಹಸಿವಿ ಅಂದ್ರೇನಂತ ಗೊತ್ತಿಲ್ಲ, ಅದರ ಮಾತಿಗೆ ನಾ ಹನ್ನೊಂದು ದಿನ ಅತ್ತೆ ನೋಡು. ಅದು ಮತ್ತ ಕಡಿಯೂತನಕ ಬೀಸು.”