ಲೋಡೇಶ್ವರನ ಗಂಟೆ

“ನೋಡಿ ಸ್ವಾಮಿ, ಇವನೇ ಲೋಡೇಶ್ವರ!” ಎಂದು ಓಂಕಾರಪ್ಪ ಮೇಷ್ಟ್ರು ಟವಲ್ ಎಳೆದರು. ಅಡಿಯಲ್ಲಿದ್ದದ್ದು ಹಳೇ ಕುಕ್ಕರು. ಸೀಟಿಯ ಜಾಗದಲ್ಲಿ ಆಂಟೆನಾ!

ಎದುರುಮನೆಯವನಾದ ನನಗೆ ಮೇಷ್ಟ್ರ ಪ್ರತಿ ಯಂತ್ರದ ಮೊದಲ ಪ್ರೇಕ್ಷಕನಾಗುವ ಯೋಗ. ಪಾಲಿಟೆಕ್ನಿಕ್‌ನಿಂದ ನಿವೃತ್ತರಾದ ಮೇಲೆ ಅವರು ಚಳ್ಳಕೆರೆಯ ನಮ್ಮ ಬೀದಿಯ ಎಲ್ಲ ತಾರಸಿಗಳಿಗೂ ಸೋಲಾರ್ ಪ್ಯಾನೆಲ್ ಹಾಕಿಸಿದ್ದರು. ನಮ್ಮೂರಲ್ಲಿ ಬಿಸಿಲಿಗೇನು ಬರ? ಮಧ್ಯಾಹ್ನ ತಾರಸಿಗಳೆಲ್ಲ ಬೀದಿಯ ತಂತಿಗೆ ಕರೆಂಟು ಸುರಿಯುತ್ತಿದ್ದವು. ಆದರೆ ಮಿಕ್ಸಿ, ಪಂಪು ಎಲ್ಲ ಬೆಳಿಗ್ಗೆಯೇ ಮುಗಿಸಿದ ಜನ ಆ ಹೊತ್ತಿಗೆ ಅಡ್ಡಾಗಿರುತ್ತಿದ್ದರು. ಉಣ್ಣುವವರಿಲ್ಲದ ಪಂಕ್ತಿಗೆ ಬಡಿಸುತ್ತಲೇ ಹೋದ ಹಾಗೆ, ವೋಲ್ಟೇಜು ಏರುತ್ತಲೇ ಹೋಗುತ್ತಿತ್ತು. ಬಲ್ಬು ಕೊಂಚ ಬೆಳ್ಳಗಾದರೆ ಸಾಕು, “ಕರೆಂಟ್ ಜಾಸ್ತಿ ಬಂತು, ಆರಿಸ್ರೋ!” ಎಂದು ಬೀದಿಗೆ ಬೀದಿಯೇ ಕೂಗಿ ಇದ್ದಬದ್ದ ಸ್ವಿಚ್ಚುಗಳನ್ನೂ ಆರಿಸುತ್ತಿತ್ತು. ಉಣ್ಣುತ್ತಿದ್ದ ನಾಲ್ವರೂ ಎದ್ದುಹೋದರೆ ವೋಲ್ಟೇಜು ಇನ್ನೂ ಏರದೆ ಇರುತ್ತದೆಯೇ?

ಹಾಗೆ ಏರಿದ ಒಂದು ಮಧ್ಯಾಹ್ನ ಮೇಷ್ಟ್ರ ಪಕ್ಕದ ಮನೆಯ ಸರ್ವಮಂಗಳಮ್ಮನವರ ಫ್ರಿಜ್ಜು ಸುಟ್ಟುಹೋಯಿತು. ಅವರು ಮೇಷ್ಟ್ರ ಹೆಂಡತಿ ಕಮಲಾಕ್ಷಮ್ಮನ ಸ್ವಂತ ಅಕ್ಕ. ಆ ಫ್ರಿಜ್ಜು ಅಕ್ಕನ ಮದುವೆಗೆ ತಂಗಿಯೇ ಅಪ್ಪನ ಹತ್ತಿರ ಹಠ ಹಿಡಿದು ಕೊಡಿಸಿದ್ದು! ಅಂದಿನಿಂದ ಅಕ್ಕನ ಮಾತಿಗೂ ಪವರ್ ಕಟ್. ಮೊದಲೆಲ್ಲ ಯಾರ ಮನೆಯ ರೊಟ್ಟಿ ಮೊದಲಾದರೂ ಅವರು ಹೋಗಿ ಇನ್ನೊಬ್ಬರ ಮನೆಯ ಬೆಲ್ ಒತ್ತುವುದು, ಇಬ್ಬರೂ ಜೊತೆಗೆ ಕೂತು ಉಣ್ಣುವುದು ರೂಢಿ. ಈಗ ಎರಡೂ ಬೆಲ್ಲು ಮೌನ.

“ಎಲ್ಲರ ಮನೆ ಒಂದೊಂದು ಸಾಮಾನಿಗೂ ಇವನ ಮಾತು ಕೇಳೋ ಡಬ್ಬಿ ಕೂರಿಸಿದೀನಿ,” ಎಂದು ಮೇಷ್ಟ್ರು ಕುಕ್ಕರು ತಟ್ಟಿದರು. “ ವೋಲ್ಟೇಜ್ ಏರಿದ ಕೂಡ್ಲೆ ಲೋಡೇಶ್ವರ ಒಂದೊಂದನ್ನೇ ಚಾಲೂ ಮಾಡಿ ತಂತಿಗೆ ಲೋಡ್ ಹಾಕ್ತಾನೆ. ಹೆಚ್ಚಿನ ಕರೆಂಟು ಸ್ವಾಹಾ! ಬೆಲ್ಲನ್ನೂ ಬಿಟ್ಟಿಲ್ಲ!”

“ಬೆಲ್ಲಿಗ್ಯಾಕ್ರೀ? ಅದನ್ನ ಒತ್ತೋರು ಯಾರಿದಾರೆ ಈಗ?” ಕಮಲಾಕ್ಷಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು.

“ನಿಮ್ಮಕ್ಕನ ಮನೇಲೂ ಕೂರಿಸೋಕೆ ಬಿಟ್ರು ಕಣೇ. ಕಾಫೀನೂ ಕೊಟ್ರು.”

“ಮಾತು?”

“ಕೊಡ್ಲಿಲ್ಲ.”

“ನೋಡ್ರೀ, ಇವತ್ತು ಅಕ್ಕನ ಮನೇದು ಇನ್ನೊಂದು ಸಾಮಾನು ಸುಟ್ರೆ ನಿಮ್ಮ ಪ್ಯಾನೆಲ್ ಗುಜರಿಗೆ! ಅವಳಿಲ್ದೆ ನಂಗೆ ತುತ್ತೇ ಇಳೀತಿಲ್ಲ.”

ಬಿಸಿಲು ನೆತ್ತಿಗೆ ಬಂತು. ಕುಕ್ಕರು “ಕುಂಯ್” ಎಂದಿತು. ನಮ್ಮ ಮನೆಯ ಮಿಕ್ಸಿ ಖಾಲಿ ಹೊಟ್ಟೆಯಲ್ಲೇ “ಘರ್ರ್ರ್” ಎಂದು ಅಬ್ಬರಿಸಿತು! ಮೂಲೆಮನೆಯ ಗ್ರೈಂಡರು “ಗುಡುಗುಡು” ಎಂದು ಗಾಳಿಯನ್ನೇ ರುಬ್ಬತೊಡಗಿತು. ಯಾರದೋ ಪಂಪು ಚಾಲೂ ಆಗಿ ಟ್ಯಾಂಕು ತುಂಬಿ ಹರಿದು, ತಾರಸಿಯ ಮೇಲೆ ಒಣಗುತ್ತಿದ್ದ ಹಪ್ಪಳಗಳು ದೋಣಿಗಳಾದವು!

“ಕರೆಂಟ್ ಜಾಸ್ತಿ ಬಂತು, ಆರಿಸ್ರೋ!”

“ಆರಿಸ್ಬೇಡ್ರಪ್ಪೋ! ಅವು ಕರೆಂಟ್ ಉಣ್ಣಲಿ ಬಿಡ್ರಪ್ಪೋ!” ಮೇಷ್ಟ್ರು ಬೀದಿಯುದ್ದಕ್ಕೂ ಓಡಿದರು.

“ನಮ್ಮ ಹಪ್ಪಳ ಉಂಡಿದ್ದು ಸಾಲ್ದಾ ಮೇಷ್ಟ್ರೇ?”

ಲೋಡೇಶ್ವರ ಚಾಲೂ ಮಾಡಿದ್ದನ್ನು ಜನ ಆರಿಸಿದರು. ಆರಿಸಿದಷ್ಟೂ ವೋಲ್ಟೇಜು ಏರಿತು, ಏರಿದಷ್ಟೂ ಅವನು ಇನ್ನೊಂದನ್ನು ಚಾಲೂ ಮಾಡಿದ. ಕೊನೆಗೆ ಇಸ್ತ್ರಿಪೆಟ್ಟಿಗೆಯವರೆಗೆ ಎಲ್ಲ ಸ್ವಿಚ್ಚೂ ಆಫ್. ಉಳಿದದ್ದು ಒಂದೇ. ಬೆಲ್ಲಿಗೆ ಆರಿಸುವ ಸ್ವಿಚ್ಚೇ ಇರಲಿಲ್ಲ!

ಬೀದಿಯ ಬೆಲ್ಲುಗಳೆಲ್ಲ ಒಟ್ಟಿಗೆ ಹೊಡೆದುಕೊಂಡವು. ಒಂದು “ಟಿಂಗ್‌ಟಾಂಗ್”, ಒಂದು ಕೋಗಿಲೆ, ನಮ್ಮದು ನೆಗಡಿಯಾದ ಗಿಣಿ! ಮನೆಮನೆಯ ಬಾಗಿಲೂ ತೆರೆಯಿತು. ಸರ್ವಮಂಗಳಮ್ಮ ಹಿಟ್ಟಿನ ಕೈಯಲ್ಲೇ ಓಡಿ ಬಂದರು. ಕಮಲಾಕ್ಷಮ್ಮ ಆಗಲೇ ಹೊಸ್ತಿಲು ದಾಟಿದ್ದರು.

“ಬಂದ್ಯಾ?” ಎಂದರು ಅಕ್ಕ.

“ನೀನೇ ಕರೆದ್ಯಲ್ಲ?”

“ನಾನೆಲ್ಲಿ ಕರೆದೆ...” ಅಕ್ಕನ ದನಿ ಸಣ್ಣಗಾಯಿತು. “ಹೂಂ, ಕರೆದೆ ಅಂತ್ಲೇ ಇಟ್ಕೋ. ರೊಟ್ಟಿ ಆರೋಗುತ್ತೆ, ಬಾರೇ.”

ಉಳಿದವರೂ ತಮ್ಮನ್ನು ಯಾರೋ ಕರೆದರೇನೋ ಎಂದುಕೊಂಡು ಒಬ್ಬೊಬ್ಬರು ಇನ್ನೊಬ್ಬರ ಮನೆಗೆ ನುಗ್ಗಿದರು. ಮನೆಗೆ ಬಂದವರಿಗೆ ನಮ್ಮ ಬೀದಿಯವರು ಮೊದಲು ಮಾಡುವ ಉಪಚಾರವೇನು? ಫ್ಯಾನ್ ಹಾಕುವುದು! ಆಮೇಲೆ ಕರೆಂಟ್ ಒಲೆಯ ಮೇಲೆ ಕಾಫಿ, ಮಿಕ್ಸಿಯಲ್ಲಿ ಚಟ್ನಿ. ವೋಲ್ಟೇಜು ತಣ್ಣಗೆ ಇಳಿಯಿತು. ಬೆಲ್ಲುಗಳು ಒಂದೊಂದಾಗಿ ಸುಮ್ಮನಾದವು.

“ನೋಡಿದ್ರಾ? ಎಲ್ಲ ನಾನು ಲೆಕ್ಕ ಹಾಕಿದಂಗೇ ಆಯ್ತು!” ಎಂದು ಮೇಷ್ಟ್ರು ಎದೆಯುಬ್ಬಿಸಿದರು.

ತಂಗಿಯ ತಟ್ಟೆಗೆ ಎರಡನೇ ರೊಟ್ಟಿ ಹಾಕುತ್ತ ಸರ್ವಮಂಗಳಮ್ಮ ಬಾಯಿ ಬಿಟ್ಟರು: “ಒಂದು ಬೆರಳಲ್ಲಿ ಆಗೋ ಕೆಲಸಕ್ಕೆ ಒಳ್ಳೇ ಕುಕ್ಕರ್ ಹಾಳು ಮಾಡಿದ್ರಲ್ಲ ಮೇಷ್ಟ್ರೇ!”

ಈಗ ಬಿಸಿಲಿದ್ದ ದಿನವೆಲ್ಲ ಹೀಗೇ. ಮೋಡ ಮುಚ್ಚಿದ ದಿನ ಅಕ್ಕತಂಗಿಯರು ಬೆರಳಲ್ಲಿ ಒತ್ತುವ ಆ ಎರಡು ಮನೆಗಳ ಬೆಲ್ಲು ಬಿಟ್ಟರೆ ಬೇರೆ ಯಾವುದೂ ಹೊಡೆಯುವುದಿಲ್ಲ. ಅವತ್ತು ನಮ್ಮ ಮನೆಯ ಅಡುಗೆಯನ್ನು ನಾವೇ ಉಣ್ಣಬೇಕು.