ನಾಲ್ಕನೇ ಕಂತಿನ ಏಳು ನಿಮಿಷ

ಯಜಮಾನರು: ಏಳು ನಿಮಿಷ ಕಣೇ! ಒಂದೇ ಉಸಿರಿಗೆ ಏಳು ನಿಮಿಷ ಮಾತಾಡಿದೀನಿ ನಾನು!

ಯಜಮಾನಿ: ನೀವು ಆಡಿದ್ದು ಒಂದೇ ಮಾತು. ‘ಘುರ್ರ್’ ಅಂತ. ಅದೂ ಎರಡನೇ ಸಲಕ್ಕೆ ಸರಿಯಾಗಿ ಬಂತು.

ಯಜಮಾನರು: ಅದು ಮೂರನೇ ಕಂತು! ನಾನು ಹೇಳ್ತಿರೋದು ನಾಲ್ಕನೇದು. ಕ್ಯಾಮೆರಾದವನೇ ಗಳಗಳ ಅತ್ತುಬಿಟ್ಟ.

ಯಜಮಾನಿ: ಅಳದೆ ಏನ್ರೀ ಮಾಡ್ತಾನೆ? ನಿಮ್ಮ ರಬ್ಬರ್ ಬಾಲ ಅವನ ಕಾಲ ಮೇಲೆ ಬಿದ್ದಿತ್ತು.

ಈ ಜಗಳಕ್ಕೆ ನಲವತ್ತೆರಡು ವರ್ಷ. ‘ಒಂಬತ್ತನೇ ಚಂದ್ರ’ ಎಂಬ ವಿಜ್ಞಾನದ ಕಥೆಗಳು ಟಿ.ವಿ.ಯಲ್ಲಿ ಬರುತ್ತಿದ್ದ ಕಾಲದಲ್ಲಿ, ‘ಜವುಗಿನ ಜೀವಿ’ ಎಂಬ ಆರು ಕಂತಿನ ಕಥೆಗೆ ಯಜಮಾನರೇ ಜೀವಿ. ಹಸಿರು ರಬ್ಬರಿನ ಅಂಗಿಯೊಳಗೆ ಬೆಂದು ಬಸವಳಿದಿದ್ದರು. ಯಜಮಾನಿ ಆಗ ಕ್ಯಾಮೆರಾದ ಪಕ್ಕದಲ್ಲಿ ಹಾಳೆ ಹಿಡಿದು ನಿಂತು, ಮಾತು ಮರೆತವರಿಗೆ ಮೆಲ್ಲಗೆ ಎತ್ತಿಕೊಡುತ್ತಿದ್ದ ಹುಡುಗಿ. ಆರನೇ ಕಂತು ಮುಗಿಯಿತು, ಮದುವೆಯಾಯಿತು.

ನಾಲ್ಕನೇ ಕಂತು ಮಾತ್ರ ಮಾಯ. ಹೊಸ ಟೇಪು ಯಾಕೆ ದಂಡ ಅಂತ ಟಿ.ವಿ. ಕೇಂದ್ರದವರು ಅದನ್ನು ಅಳಿಸಿ, ಮೇಲೆ ಕೋಳಿ ಸಾಕಣೆಯ ಪಾಠ ತುಂಬಿದ್ದರು. ಬರೆದ ಹಾಳೆಗಳು ಕಚೇರಿ ಬದಲಾಯಿಸುವಾಗ ಕಳೆದುಹೋದವು. ಜೀವಿ ಸಾಯುವ ಮುಂಚೆ ಕಲ್ಲು ಕರಗುವ ಹಾಗೆ ಮಾತಾಡುತ್ತದೆ ಎಂದು ಯಜಮಾನರು ಮಕ್ಕಳಿಗೆ, ಮೊಮ್ಮಕ್ಕಳಿಗೆ, ಹಲ್ಲಿನ ಡಾಕ್ಟರಿಗೆ ಕೂಡ ಹೇಳಿದ್ದರು. ಹೇಳಿದಾಗಲೆಲ್ಲ ಯಜಮಾನಿ ‘ಅಂಥದ್ದೇನೂ ಇರಲಿಲ್ಲ’ ಎಂದು ಮುಗಿಸಿಬಿಡುತ್ತಿದ್ದರು. ಎಲ್ಲರೂ ನಂಬಿದ್ದು ಅಜ್ಜಿಯನ್ನೇ. ಈಚೆಗೆ ಯಜಮಾನರಿಗೇ ಒಳಗೊಳಗೆ ಅನುಮಾನ ಹುಟ್ಟಿತ್ತು. ಇಲ್ಲದ ಮಾತನ್ನು ಇಷ್ಟು ವರ್ಷ ಆಡಿದೆನೇ ನಾನು?

ಬಾಗಿಲ ಗಂಟೆ ಸದ್ದು ಮಾಡಿತು. ಕೇಂದ್ರದ ಹಳೇ ಟೇಪುಗಳನ್ನು ನೋಡಿಕೊಳ್ಳುವ ಹೆಂಗಸು ದೊಡ್ಡ ಚೀಲದೊಂದಿಗೆ ಒಳಗೆ ಬಂದಳು.

ಟೇಪಿನವಳು: ಸರ್, ಮೊದಲು ಒಂದು ವಿಷಯ ತಿಳ್ಕೊಬೇಕು. ನೀವು ಸಾಯೋದು ಎಷ್ಟು ಹೊತ್ತಿಗೆ?

ಯಜಮಾನರು: ಏನಮ್ಮಾ ಇದು, ಬಂದ ಕೂಡಲೇ! ನನಗಿನ್ನೂ ಎಪ್ಪತ್ತೊಂದು.

ಟೇಪಿನವಳು: ಅಯ್ಯೋ, ನಾಲ್ಕನೇ ಕಂತಲ್ಲಿ ಸರ್!

ಯಜಮಾನಿ: ಇಪ್ಪತ್ತೊಂದನೇ ನಿಮಿಷಕ್ಕೆ. ಸತ್ತ ಮೇಲೂ ಎರಡು ಸಲ ಸೀನಿದ್ರು.

ಟೇಪಿನವಳು: ಕಂತಿನ ಧ್ವನಿ ಸಿಕ್ಕಿದೆ. ಯಾರೋ ತಮ್ಮ ಮನೆ ಟಿ.ವಿ. ಮುಂದೆ ಟೇಪ್ ರೆಕಾರ್ಡರ್ ಇಟ್ಟು ತುಂಬಿಸ್ಕೊಂಡಿದ್ರು. ಅದಕ್ಕೆ ಚಿತ್ರ ಬರೆಸಿ ಮತ್ತೆ ಪ್ರಸಾರ ಮಾಡ್ತೀವಿ.

ಯಜಮಾನರ ಕಿವಿ ಕೆಂಪಾಯಿತು. ಕುರ್ಚಿಯನ್ನು ಮೇಜಿಗೆ ಅಂಟುವ ಹಾಗೆ ಎಳೆದುಕೊಂಡರು. ಯಜಮಾನಿ ಬಟಾಣಿ ಬುಟ್ಟಿಯನ್ನು ಮಡಿಲಿಗೆ ತಂದುಕೊಂಡು, ತಮಗೆ ಸಂಬಂಧವೇ ಇಲ್ಲ ಎಂಬಂತೆ ಬಿಡಿಸತೊಡಗಿದರು. ಟೇಪು ತಿರುಗಿತು. ಗಾಳಿಯ ಸದ್ದು, ನೌಕೆಯ ಬಾಗಿಲು ತೆರೆದ ಸದ್ದು, ಆಮೇಲೆ ಕ್ಯಾಪ್ಟನ್ನನ ಗಂಭೀರ ದನಿ: ‘ಜವುಗಿನ ಜೀವಿಯೇ, ನಿನಗೆ ಹೇಳುವುದೇನಾದರೂ ಇದೆಯೇ?’

ಯಜಮಾನರು ಉಸಿರು ಬಿಗಿಹಿಡಿದರು.

ಟೇಪಿನಿಂದ ಒಂದು ಹೆಣ್ಣು ದನಿ: ‘ಒದ್ದೆ ಕಾಲಲ್ಲಿ ಒಳಗೆ ಬಂದಿದ್ದು ಯಾರು?’

ಯಜಮಾನಿ: ಓ, ಜವುಗಿನಿಂದ ಬಂದವನಿಗೆ ಸರಿಯಾಗೇ ಕೇಳಿದಾಳೆ.

ಯಜಮಾನರು: ಇದು ಕಥೇಲಿ ಇರಲಿಲ್ಲ! ಯಾರಿವಳು?

ಟೇಪಿನವಳು: ಆ ಮನೆಯವರು ಸರ್. ರೆಕಾರ್ಡರ್ ಪಕ್ಕದಲ್ಲೇ ನಿಂತಿದಾರೆ.

ಒದ್ದೆ ಕಾಲಿನವನು ‘ನಾನಲ್ಲ’ ಅಂದ. ಹಾಗಾದರೆ ನೆಲದ ಮೇಲಿರುವುದು ಯಾರ ಹೆಜ್ಜೆ ಎಂದಳು ಆಕೆ. ಮಾತು ಹೆಜ್ಜೆಯಿಂದ ಕಾಲುಚೀಲಕ್ಕೆ, ಕಾಲುಚೀಲದಿಂದ ಅವನ ಅಕ್ಕನ ಸ್ವಭಾವಕ್ಕೆ ಹೋಯಿತು. ಆ ಗಲಾಟೆಯ ತಳದಲ್ಲಿ, ಮುಚ್ಚಿದ ಡಬ್ಬಿಯೊಳಗಿನ ದುಂಬಿಯ ಹಾಗೆ ಏನೋ ಒಂದು ಗುಂಯ್‌ಗುಟ್ಟುತ್ತಿತ್ತು.

ಯಜಮಾನರು: ಅದೇ ನಾನು! ಆ ಗುಂಯ್ ಅನ್ನೋದು ನಾನು!

ಯಜಮಾನಿ: ಟಿ.ವಿ. ಕೆಟ್ಟಿರಬೇಕು.

ಕೊನೆಗೆ ಆ ಮನೆಯ ಬಾಗಿಲು ದಢಾರನೆ ಮುಚ್ಚಿತು. ಆ ಮೌನದಲ್ಲಿ ಕ್ಯಾಪ್ಟನ್ ಸ್ಪಷ್ಟವಾಗಿ ನುಡಿದ: ‘ಜೀವಿಯೇ, ನಿನ್ನ ಮಾತು ನಮ್ಮ ಕಣ್ಣು ತೆರೆಸಿತು.’

ಯಜಮಾನರು: ಕೇಳಿದ್ಯಾ! ‘ನಿನ್ನ ಮಾತು’ ಅಂದ! ಘುರ್ರ್ ಅಂದಿದ್ದಕ್ಕೆ ಯಾರ ಕಣ್ಣಾದರೂ ತೆರೆಯುತ್ತಾ?

ಯಜಮಾನಿ: ನಿಮ್ಮ ಗೊರಕೆಗೆ ನನ್ನದು ದಿನಾ ತೆರೆಯುತ್ತೆ.

ಟೇಪಿನವಳು: ಆ ಗುಂಯ್ ಅನ್ನೋದನ್ನ ಅಳತೆ ಮಾಡಿದೀನಿ ಅಮ್ಮ. ಆರು ನಿಮಿಷ ಐವತ್ತು ಸೆಕೆಂಡು. ಸರ್, ಅದಕ್ಕೇ ನಿಮ್ಮ ಹತ್ರ ಬಂದಿದ್ದು. ಆ ಮಾತುಗಳನ್ನ ನೀವೇ ಇನ್ನೊಮ್ಮೆ ಹೇಳಿಬಿಡಿ, ತುಂಬಿಸ್ಕೋತೀನಿ.

ಯಜಮಾನರು ಎದ್ದು ನಿಂತರು. ಅಂಗಿಯ ಗುಂಡಿ ಹಾಕಿಕೊಂಡರು. ಗಂಟಲು ಸರಿಮಾಡಿಕೊಂಡರು. ಹಲ್ಲಿನ ಡಾಕ್ಟರೂ ಇಲ್ಲಿರಬೇಕಿತ್ತು ಎನ್ನಿಸಿತು.

ಯಜಮಾನರು: ಮನುಷ್ಯರೇ…

ಟೇಪಿನವಳು ಕಾದಳು. ತುಂಬಿಸಿಕೊಳ್ಳುವ ಯಂತ್ರದ ಕೆಂಪು ದೀಪವೂ ಕಾಯುತ್ತಿತ್ತು.

ಯಜಮಾನರು: ಮನುಷ್ಯರೇ… ಈ ನೀರು… ಅಂದರೆ, ಈ ನೀರಿದೆಯಲ್ಲ…

ಏಳು ನಿಮಿಷ ಎಂಬುದು ನೆನಪಿತ್ತು. ಬೆವರು ನೆನಪಿತ್ತು, ಬಾಲದ ಭಾರ ನೆನಪಿತ್ತು. ಮಾತು ಒಂದೂ ಇರಲಿಲ್ಲ. ಅವರು ಮೆಲ್ಲಗೆ ಕುರ್ಚಿಯ ಕೈ ಹುಡುಕಿದರು. ಮುಖ ಸಣ್ಣದಾಯಿತು.

ಬಟಾಣಿ ಬಿಡಿಸುತ್ತಿದ್ದ ಕೈ ನಿಂತಿತು.

ಯಜಮಾನಿ (ತಲೆ ಎತ್ತದೆ, ಪಿಸುದನಿಯಲ್ಲಿ): ‘ನೀವು ಇದನ್ನು ಜವುಗು ಎನ್ನುತ್ತೀರಿ. ನಾನು ಮನೆ ಎನ್ನುತ್ತೇನೆ.’

ಯಜಮಾನರು: …ನಾನು ಮನೆ ಎನ್ನುತ್ತೇನೆ.

ಯಜಮಾನಿ: ‘ನಿಮ್ಮ ದೀಪ ಕಂಡು ಎದ್ದು ಬಂದೆ. ಹೊಡೆಯಲು ಬಂದೆ ಎಂದುಕೊಂಡಿರಿ. ನನಗೆ ಕತ್ತಲು ಹೊಸದಲ್ಲ, ಜೊತೆ ಹೊಸದು.’

ಅವರು ಎರಡು ಸಾಲು ಹಿಂಬಾಲಿಸಿದರು, ಆಮೇಲೆ ಸುಮ್ಮನಾಗಿ ಕೇಳಿದರು. ಆಕೆ ಎಲ್ಲೂ ತಡವರಿಸಲಿಲ್ಲ. ಬಟಾಣಿಯೊಂದು ಉರುಳಿ ಬಾಗಿಲತನಕ ಹೋದರೂ ಯಾರೂ ಎತ್ತಿಕೊಳ್ಳಲಿಲ್ಲ. ಮುಗಿದಾಗ ಟೇಪಿನವಳು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದಳು.

ಯಜಮಾನರು: ನಿನಗೆ ಎಲ್ಲ ಗೊತ್ತಿತ್ತು! ಮತ್ತೆ ಇಷ್ಟು ವರ್ಷ ಇಲ್ಲ, ಇಲ್ಲ ಅಂದ್ಯಲ್ಲೇ!

ಯಜಮಾನಿ: ಇತ್ತು ಅಂದಿದ್ರೆ ‘ಹೇಳಿ ನೋಡೋಣ’ ಅಂತ ನಾಲ್ಕು ಜನ ಕೇಳ್ತಿದ್ರು. ನೀವೂ ಹೀಗೇ ಎದ್ದು ನಿಲ್ತಿದ್ರಿ. ಆವತ್ತೇ ಎರಡನೇ ಸಾಲಿಗೆ ಮರೆತವರು ನೀವು, ಪೂರ್ತಿ ನಾನೇ ಎತ್ತಿಕೊಟ್ಟಿದ್ದು. ಬಂದವರ ಮುಂದೆಲ್ಲ ನಿಮ್ಮ ಮುಖ ಹೀಗೆ ಸಣ್ಣಗಾಗೋದನ್ನ ನಾನು ನೋಡ್ತಾ ಕೂರಬೇಕಿತ್ತಾ? ಈಗ ನಾನೇ ಸುಳ್ಳುಗಾತಿ ಅನ್ನಿಸ್ಕೊಂಡ್ರೆ ಏನಾಯ್ತು?

ಯಜಮಾನರು ಹೆಂಡತಿಯ ಬುಟ್ಟಿಯಿಂದ ಒಂದು ಹಿಡಿ ಬಟಾಣಿ ತೆಗೆದುಕೊಂಡು ತಾವೂ ಬಿಡಿಸಲು ಕೂತರು.

ಟೇಪಿನವಳು: ಸರ್, ನಾನು ಅಮ್ಮನ ಧ್ವನಿಯನ್ನೇ ತುಂಬಿಸ್ಕೊಂಡಿದೀನಿ. ಇದನ್ನೇ ಹಾಕೋಣ ಅನ್ಸುತ್ತೆ. ನಿಮಗೆ ಬೇಸರ ಇಲ್ವಾ?

ಯಜಮಾನರು: ಬೇಸರ ಎಂಥದ್ದು? ಧಾರಾಳವಾಗಿ ಹಾಕಿ.

ಟೇಪಿನವಳು: ಹಾಗಾದ್ರೆ ಕೊನೇಲಿ ಹೆಸರು ಬರುತ್ತಲ್ಲ, ‘ಜವುಗಿನ ಜೀವಿ’ ಅಂತ ಬರೆದು ಎದುರಿಗೆ ಏನಂತ ಹಾಕ್ಲಿ?

ಯಜಮಾನರು (ಎದೆ ತುಂಬಿ ಬಂದು): ದೊಡ್ಡಕ್ಷರದಲ್ಲಿ ಹಾಕಮ್ಮಾ. ‘ನನ್ನ ಹೆಂಡತಿ.’

ಯಜಮಾನಿ: ಏನಂದ್ರಿ? ಜವುಗಿನ ಜೀವಿ ನಾನಾ?

ಯಜಮಾನರು: ‘ಧ್ವನಿ’ ಅಂತ ಸೇರಿಸಮ್ಮಾ, ಮೊದಲು ‘ಧ್ವನಿ’ ಅಂತ ಸೇರಿಸು!