ಯಾವ ಸಮಸ್ಯೆ ಕೊಟ್ಟರೂ ಉತ್ತರ ನಾನೇ

ಇಪ್ಪತ್ತೆರಡು ವರ್ಷ ಮಾಸ್ತರಿಕೆ ಮಾಡಿದವನಿಗೆ ನಗುವುದಕ್ಕೆ ಬೇರೆ ಎಲ್ಲಿಗೂ ಹೋಗಬೇಕಾಗಿಲ್ಲ. ಹಾಜರಿ ಕೂಗಿ ಮುಗಿಯುವುದರೊಳಗೆ ಒಂದಾದರೂ ತಮಾಷೆ ಆಗಿರುತ್ತದೆ. ಇಷ್ಟು ವರ್ಷ ಅಂಥವನ್ನು ನಾನೇ ಮಾಡಿಸುತ್ತಿದ್ದೆ, ಬೇರೆಯವರು ಸಿಕ್ಕಿಬೀಳುತ್ತಿದ್ದರು. ಈ ವರ್ಷ ಮಾತ್ರ ಲೆಕ್ಕ ತಿರುಗುಮುರುಗಾಯಿತು. ಅದಕ್ಕೆ ಕಾರಣ ಒಬ್ಬ ಟೀಚರ್. ನನ್ನ ಹೊಟ್ಟೆಕಿಚ್ಚು ಕಾರಣ ಅಂತ ಸ್ಟಾಫ್ ರೂಮಿನವರು ಹೇಳುತ್ತಾರೆ, ನಂಬಬೇಡಿ.

೧. ಶನಿವಾರ ಹೋಯಿತು

ದಾಂಡೇಲಿಯ ನಮ್ಮ ಹೈಸ್ಕೂಲಿನಲ್ಲಿ ಶನಿವಾರದ ಕೊನೆಯ ಪೀರಿಯಡ್ಡು ಒಂಬತ್ತನೇ ಕ್ಲಾಸಿಗೆ ನನ್ನದು. ವೇಳಾಪಟ್ಟಿಯಲ್ಲಿ ಅದರ ಹೆಸರು ವಿಜ್ಞಾನ. ನಿಜವಾಗಿ ಅದು ಕತೆಯ ಪೀರಿಯಡ್ಡು. ಹಳಿಯಾಳದ ರಸ್ತೆಯ ಒಂದು ತಿರುವಿನಲ್ಲಿ ನಾನು ಹುಲಿಗೆ ಎದುರಾಗಿ ನಿಂತದ್ದು, ಅದರ ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ದು, ಹುಲಿ ನಾಚಿಕೊಂಡು ಕಾಡಿಗೆ ಹೋದದ್ದು: ಇವನ್ನೆಲ್ಲ ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ವಾರದ ಉಳಿದ ದಿನ ನಾನು ನೋಟ್ಸು ಬರೆಸುವ ಸಾಮಾನ್ಯ ಮಾಸ್ತರ. ಶನಿವಾರ ಒಂದು ತಾಸು ನಾನೇ ಹುಲಿ.

ಜೂನಿನಲ್ಲಿ ಹೊಸ ಟೀಚರ್ ಬಂದರು. ಮುಂಡಗೋಡ ತಾಲೂಕಿನ ಇಂದೂರಿನವರು, ನನಗಿಂತ ಇಪ್ಪತ್ತು ವರ್ಷ ಚಿಕ್ಕವರು. ಅವರದು ಸಮಸ್ಯೆ ಆಧಾರಿತ ಕಲಿಕೆಯಂತೆ. ಮಕ್ಕಳಿಗೆ ಒಂದು ಸಮಸ್ಯೆ ಕೊಡುವುದು, ಉತ್ತರ ಹೇಳದೆ ಸುಮ್ಮನಿರುವುದು. ಮಕ್ಕಳು ಗುಂಪಾಗಿ ಕೂತು ದೊಡ್ಡ ಹಾಳೆಯ ಮೇಲೆ ಮೂರು ಮನೆ ಹಾಕಬೇಕು: ನಮಗೇನು ಗೊತ್ತಿದೆ, ಏನು ಗೊತ್ತಿಲ್ಲ, ಹೇಗೆ ತಿಳಿದುಕೊಳ್ಳಬೇಕು.

"ಇದಕ್ಕೊಂದು ಪೂರಾ ತಾಸು ಬೇಕ್ರಿ ಸರ್" ಅಂದರು ಹೆಡ್‌ಮಾಸ್ತರಿಗೆ.

ಹೆಡ್‌ಮಾಸ್ತರು ವೇಳಾಪಟ್ಟಿ ನೋಡಿದರು, ನನ್ನ ಮುಖ ನೋಡಿದರು. "ಶನಿವಾರದ್ದು ತಗೋರಿ. ದಸರಾ ರಜಾ ತನಕ ನೋಡೂಣು. ಆಮ್ಯಾಲ ಆ ಪೀರಿಯಡ್ಡು ಯಾರಿಗೆ ಅಂತ ಹುಡುಗರನ್ನ ಕೇಳೂಣು."

"ನಂದು ಏನೂ ಅಭ್ಯಂತರ ಇಲ್ರಿ" ಅಂದೆ ನಾನು. ಈ ವರ್ಷ ನಾನು ಹೇಳಿದ ಸುಳ್ಳುಗಳಲ್ಲಿ ಹುಲಿಯದಕ್ಕಿಂತ ದೊಡ್ಡದು ಅದೇ.

೨. ತಳದ ಬೇಳೆ

ಮೊದಲ ಸಮಸ್ಯೆಯನ್ನು ಮಕ್ಕಳೇ ತಂದರು. ಬಿಸಿಯೂಟದ ಸಾಲಿನಲ್ಲಿ ಕೊನೆಗೆ ನಿಂತವರ ಸಾರಿನಲ್ಲಿ ಬೇಳೆ ಯಾಕೆ ಇರುವುದಿಲ್ಲ?

ನನಗೆ ಒಳಗೊಳಗೇ ಖುಷಿಯಾಯಿತು. ಅಡುಗೆ ಮಾಡುವ ಅಕ್ಕ ಸಿಟ್ಟಿನವಳು. ಹೋಗಿ ಅವಳ ಕಿವಿಯಲ್ಲಿ ಊದಿದೆ: "ಅಕ್ಕಾ, ಬ್ಯಾಳಿ ಕದಿಯೋರು ಯಾರಂತ ಆ ಟೀಚರ್ ಹುಡುಗರ ಕಡೆಯಿಂದ ತನಿಖಾ ಮಾಡಸಾಕತ್ತಾರ."

"ಮಾಡಸ್ಲಿ ಬಿಡ್ರಿ. ನಂಗೂ ಗೊತ್ತಾಗ್ಬೇಕಾಗೇತಿ" ಅಂದಳು ಅಕ್ಕ, ನನ್ನನ್ನು ಒಂದು ಥರ ನೋಡಿ. ಆ ನೋಟದ ಅರ್ಥ ನನಗೆ ಆಗ ಹೊಳೆಯಲಿಲ್ಲ.

ಮಕ್ಕಳು ಗಾಜಿನ ಲೋಟ ತಂದರು. ಸಾಲಿನ ಮೊದಲಿನವರ ಸಾರು ಒಂದರಲ್ಲಿ, ನಡುವಿನವರದು ಒಂದರಲ್ಲಿ, ಕೊನೆಯವರದು ಒಂದರಲ್ಲಿ. ತಾಸು ಹೊತ್ತು ಬಿಟ್ಟು, ತಳದಲ್ಲಿ ಎಷ್ಟು ಬೇಳೆ ಕೂತಿತು ಅಂತ ಸ್ಕೇಲ್ ಹಿಡಿದು ಅಳೆದರು. ಮೂರೂ ಹೆಚ್ಚುಕಡಿಮೆ ನೀರೇ! ಹಾಗಾದರೆ ಬೇಳೆ ಎಲ್ಲಿ ಹೋಯಿತು?

ಮಕ್ಕಳು ಉಣ್ಣುವ ಮೊದಲು ಒಬ್ಬ ಶಿಕ್ಷಕರು ಅಡುಗೆಯ ರುಚಿ ನೋಡಿ ಪುಸ್ತಕದಲ್ಲಿ ಸಹಿ ಮಾಡಬೇಕು ಅಂತ ನಿಯಮವಿದೆ. ಆ ಸೇವೆಯನ್ನು ವರ್ಷಗಟ್ಟಲೆ ನಾನೊಬ್ಬನೇ ನಿಸ್ವಾರ್ಥದಿಂದ ಮಾಡಿಕೊಂಡು ಬಂದಿದ್ದೆ. ಸೌಟು ತಳಕ್ಕೆ ಇಳಿಸಿ, ಎತ್ತಿ, ದೊಡ್ಡ ಬಟ್ಟಲ ತುಂಬ. ರುಚಿ ನೋಡಿದರೆ ಸರಿಯಾಗಿ ನೋಡಬೇಕಲ್ಲ?

ಅಕ್ಕ ತಾನೇ ತುಂಬಿ ಕೊಟ್ಟ ನಾಲ್ಕನೇ ಲೋಟದಲ್ಲಿ ನನ್ನ ಬಟ್ಟಲಿನ ಸಾರು ಇತ್ತು. ಅದನ್ನು ಅಳೆಯಲಿಕ್ಕೆ ಸ್ಕೇಲ್ ಬೇಕಾಗಲಿಲ್ಲ. ಚಮಚ ನೆಟ್ಟಗೆ ನಿಂತಿತ್ತು.

ಮರುದಿನದಿಂದ ಅಕ್ಕ ನನ್ನ ಕೈಗೆ ಒಂದು ಚಮಚ ಸಾರು ಕೊಡುತ್ತಾಳೆ. "ರುಚಿ ಹೆಂಗೈತ್ರಿ?"

"ಇನ್ನೊಂದು ಚಮಚ ನೋಡಿದ್ರ ಹೇಳಬೌದು."

"ಅದಕ್ಕ ಒಂಬತ್ತನೇತ್ತದವರ ಪರ್ಮಿಷನ್ ಬೇಕ್ರಿ ಸರ್."

೩. ತುಟಿಯ ಮೇಲೆ ಬೆರಳು

ಈ ಕಲಿಕೆಯಲ್ಲಿ ದೋಷ ಇಲ್ಲವೆಂದಲ್ಲ. ಗುಂಪಿನಲ್ಲಿ ಇಬ್ಬರು ದುಡಿದರೆ ನಾಲ್ವರು ಪೆನ್ಸಿಲ್ ಕಚ್ಚುತ್ತ ಕೂಡುತ್ತಾರೆ. ನಾನು ಇಪ್ಪತ್ತು ನಿಮಿಷದಲ್ಲಿ ಬರೆಸಿ ಮುಗಿಸುವ ಪಾಠಕ್ಕೆ ಮೂರು ಶನಿವಾರ. ಗದ್ದಲವಂತೂ ಸಂತೆಯ ಹಾಗೆ. ಇವನ್ನೆಲ್ಲ ನಾನು ಹೇಳಿದರೆ ಹೊಟ್ಟೆಕಿಚ್ಚು ಅನ್ನುತ್ತಾರೆ, ಪಾಲಕರೇ ಹೇಳಲಿ ಅಂತ ಒಬ್ಬರನ್ನು ಹುಡುಕಿದೆ. ನನ್ನ ಸ್ಕೂಟರ್ ರಿಪೇರಿ ಮಾಡುವ ಗ್ಯಾರೇಜಿನ ಚಾಚಾ. ಅವರ ಮಗ ಅದೇ ಕ್ಲಾಸಿನವನು.

"ಚಾಚಾ, ಆ ಟೀಚರ್ ಪ್ರಶ್ನಾ ಕೇಳ್ತಾರ, ಉತ್ತರಾನ ಹೇಳಂಗಿಲ್ಲ. ಉತ್ತರಾ ಗೊತ್ತಿಲ್ಲದವರು ಮಾಡೂ ಕೆಲಸ ಅದು. ನಿಮ್ಮ ಮಗನ ಗತಿ ಏನು?"

"ಯಾ ಅಲ್ಲಾ! ನಾಳೆನ ಬರ್ತೇನಿ" ಅಂದರು ಚಾಚಾ.

ಬಂದರು. ಹೆಡ್‌ಮಾಸ್ತರು ಶಾಣ್ಯಾ ಮನುಷ್ಯ, "ಮೊದ್ಲ ಕ್ಲಾಸಿನ್ಯಾಗ ಕೂತು ನೋಡ್ರಿ, ಆಮ್ಯಾಲ ದೂರು ಕೊಡ್ರಿ" ಅಂತ ಕಳಿಸಿದರು. ಅವತ್ತಿನ ಸಮಸ್ಯೆ ಶಾಲೆಯ ಕೈಪಂಪಿನದು. ಇಪ್ಪತ್ತು ಸಲ ಒತ್ತಿದ ಮೇಲೆಯೇ ನೀರು ಬರುತ್ತದೆ, ಯಾಕೆ? ಚಾಚಾ ಉತ್ತರ ಹೇಳಲು ಬಾಯಿ ತೆರೆದರು. ಟೀಚರ್ ನಗುತ್ತ ತುಟಿಯ ಮೇಲೆ ಬೆರಳಿಟ್ಟರು. ಚಾಚಾ ಬಾಯಿ ಮುಚ್ಚಿದರು. ಮತ್ತೆ ತೆರೆದರು. ಮತ್ತೆ ಬೆರಳು. ಒಂದು ತಾಸು ಆ ಮನುಷ್ಯ ಬೆವರಿದ್ದನ್ನು ನಾನು ಕಿಟಕಿಯಿಂದ ನೋಡಿದೆ, ಖುಷಿಪಟ್ಟೆ.

ಹೊರಗೆ ಬಂದವರೇ ನನ್ನ ಕೈ ಹಿಡಿದುಕೊಂಡರು. "ಮಾಸ್ತರ್ ಸಾಬ್, ಗೊತ್ತಿದ್ದೂ ಸುಮ್ನ ಕೂಡೂದು ಎಷ್ಟು ಕಷ್ಟಾ ಐತಿ! ಆದ್ರ ಒಳಗಿನ ವಾಷರ್ ಹೋಗೇತಿ ಅಂತ ನನ್ನ ಮಗಾ ತಾನಾ ಕಂಡ್‌ಹಿಡದಾ. ಮಾಶಾಲ್ಲಾ! ಇಂಥಾ ಟೀಚರ್ ನಮಗ ಸಿಕ್ಕಿದ್ರ ನಾವು ಎಲ್ಲೋ ಇರತಿದ್ವಿ."

ಮುಂದಿನ ವಾರ ಬಂಗೂರನಗರದಲ್ಲಿ ನನ್ನ ಸ್ಕೂಟರ್ ನಿಂತಿತು. ತಳ್ಳಿಕೊಂಡು ಗ್ಯಾರೇಜಿಗೆ ಹೋದೆ. ಚಾಚಾ ಕೈ ಒರೆಸಿಕೊಂಡು, ಸ್ಟೂಲ್ ಎಳೆದು ಆರಾಮಾಗಿ ಕೂತರು.

"ಮೊದ್ಲ ಹೇಳ್ರಿ, ನಿಮಗ ಏನು ಗೊತ್ತೈತಿ?"

"ಗಾಡಿ ಬಂದ್ ಬಿದ್ದೈತಿ."

"ಏನು ಗೊತ್ತಿಲ್ಲ?"

"ಯಾಕ ಬಿತ್ತು ಅನ್ನೂದು."

"ಹೆಂಗ ತಿಳ್ಕೋತೀರಿ?"

"ನಿಮ್ಮನ್ನ ಕೇಳಿ, ಮತ್ತೇನು!"

ಚಾಚಾ ತುಟಿಯ ಮೇಲೆ ಬೆರಳಿಟ್ಟರು.

ಮುಕ್ಕಾಲು ತಾಸು ಪ್ಲಗ್ ಬಿಚ್ಚಿದೆ, ವೈರ್ ಜಗ್ಗಿದೆ, ಅಂಗಿಗೆಲ್ಲ ಗ್ರೀಸ್ ಮಾಡಿಕೊಂಡೆ. ಕೊನೆಗೆ ಟ್ಯಾಂಕಿನ ಮುಚ್ಚಳ ತೆಗೆದು ಇಣುಕಿದರೆ ಪೆಟ್ರೋಲ್ ಇಲ್ಲ.

"ಶಾಬಾಶ್!" ಚಾಚಾ ಚಪ್ಪಾಳೆ ತಟ್ಟಿದರು. "ತಾವಾ ಕಂಡ್‌ಹಿಡದ್ರಿ. ಇನ್ನ ಜನ್ಮದಾಗ ಮರಿಯಂಗಿಲ್ಲ."

೪. ನನ್ನದೂ ಒಂದು ಸಮಸ್ಯೆ

ಬೈದು ಗೆಲ್ಲಲಾಗದಿದ್ದರೆ ಕದ್ದು ಗೆಲ್ಲಬೇಕು. ಟೀಚರ್ ತರಬೇತಿಗೆ ಹೋದ ಒಂದು ದಿನ ಒಂಬತ್ತನೇ ಕ್ಲಾಸಿಗೆ ನನ್ನನ್ನೇ ಕಳಿಸಿದರು. ಅವರದೇ ಪದ್ಧತಿಯಲ್ಲಿ ಅವರಿಗಿಂತ ಚೆನ್ನಾಗಿ ಮಾಡಿ ತೋರಿಸುತ್ತೇನೆ ಅಂದುಕೊಂಡೆ. ಇದರಲ್ಲಿ ಏನು ಮಹಾ ಇದೆ? ಕೇಳುವುದು, ಸುಮ್ಮನಾಗುವುದು. ಎರಡನೆಯದನ್ನು ನಾನು ಕಣ್ಣುಮುಚ್ಚಿ ಮಾಡಬಲ್ಲೆ.

"ಮಂಗ್ಯಾ ಕ್ಲಾಸಿನ್ಯಾಗ ಬರ್ತಾವಲ್ಲ, ಯಾಕ ಬರ್ತಾವು? ಕಂಡ್‌ಹಿಡೀರಿ" ಅಂದೆ. ಖುರ್ಚಿಗೆ ಒರಗಿದೆ. ಸುಮ್ಮನಾದೆ.

ಕಣ್ಣು ತೆರೆದಾಗ ಎದುರಿಗೆ ಹೆಡ್‌ಮಾಸ್ತರು. ಕ್ಲಾಸು ಖಾಲಿ.

"ಹುಡುಗರು ಎಲ್ರಿ?"

"ಕಲಿಯಾಕ ಹೋಗ್ಯಾರ್ರಿ."

"ಎಲ್ಲಿಗೆ?"

"ಅದನ್ನ ನಾವು ಹೇಳಬಾರ್ದ್ರಿ ಸರ್. ಪದ್ಧತಿನ ಹಂಗೈತಿ."

ಎಲ್ಲರೂ ಕಿಟಕಿಯ ಹೊರಗೇ ಇದ್ದರು. ಸಾಲಾಗಿ, ಉಸಿರು ಬಿಗಿ ಹಿಡಿದು, ಕೈಯಲ್ಲಿ ನೋಟ್‌ಬುಕ್ಕು. ಹೆಡ್‌ಮಾಸ್ತರು ಒಬ್ಬಳದನ್ನು ಇಸಿದುಕೊಂಡು ಗಟ್ಟಿಯಾಗಿ ಓದಿದರು:

"ಹನ್ನೊಂದೂ ಹತ್ತು: ಮಂಗ ಕಿಟಕಿಯಿಂದ ಬಂದು ಸರ್ ಟೇಬಲ್ ಮೇಲೆ ಕುಳಿತಿತು. ಹನ್ನೊಂದೂ ಹನ್ನೆರಡು: ಸರ್ ಗೊರಕೆ ಹೊಡೆದರು. ಮಂಗ ಹೆದರಿ ಹಿಂದೆ ಸರಿಯಿತು. ಹನ್ನೊಂದೂ ಹದಿನೈದು: ಮಂಗಕ್ಕೆ ಗೊರಕೆ ರೂಢಿಯಾಯಿತು. ಡ್ರಾವರ್ ತೆಗೆದು ಸರ್ ಬಾಳೆಹಣ್ಣು ನಾಲ್ಕು ತಿಂದಿತು. ಸಿಪ್ಪೆಯನ್ನು ಸರ್ ತೊಡೆಯ ಮೇಲೆ ಇಟ್ಟಿತು. ತೀರ್ಮಾನ: ಮಂಗ ಬರಲು ಕಾರಣ ಬಾಳೆಹಣ್ಣು. ಅದನ್ನು ಓಡಿಸಲು ಗೊರಕೆ ಸಾಲದು."

ನಾನು ತೊಡೆ ನೋಡಿಕೊಂಡೆ. ಸಿಪ್ಪೆ ನಾಲ್ಕೂ ಇದ್ದವು, ಮಕ್ಕಳ ಲೆಕ್ಕ ಸರಿಯಾಗಿತ್ತು.

೫. ಹುಲಿಯ ಸಮಸ್ಯೆ

ದಸರಾ ರಜೆಯ ಮುಂಚಿನ ಶನಿವಾರ ಬಂತು. ಹೆಡ್‌ಮಾಸ್ತರು ಹಿಂದಿನ ಬೆಂಚಿನಲ್ಲಿ ಕೂತರು, ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡರು. ಅವತ್ತು ಸಮಸ್ಯೆಯನ್ನು ಮಕ್ಕಳೇ ಆರಿಸಿಕೊಂಡಿದ್ದರು. ಹಾಳೆಯನ್ನು ಬೋರ್ಡಿಗೆ ಅಂಟಿಸಿದಾಗ ನನ್ನ ಎದೆ ಹಿಗ್ಗಿತು.

"ಸರ್ ಹುಲಿ ಕತೆ."

ನೋಡಿ! ನಾಲ್ಕು ತಿಂಗಳಾದರೂ ನನ್ನ ಕತೆಯನ್ನು ಮರೆತಿಲ್ಲ. ಟೀಚರ್ ಕಡೆ ತಿರುಗಿ, ಗೆದ್ದವನ ಹಾಗೆ ಸ್ವಲ್ಪ ಕೆಮ್ಮಿದೆ.

ಹಾಳೆ ವಿವರಿಸಲು ಎದ್ದವಳು ಕಿಟಕಿಯ ಪಕ್ಕದ ಹುಡುಗಿ. ಹಳಿಯಾಳ ಕಡೆಯ ಹಳ್ಳಿಯ ಸಿದ್ದಿ ಮನೆತನದವಳು, ಇಲ್ಲಿ ಹಾಸ್ಟೆಲ್ಲಿನಲ್ಲಿದ್ದು ಓದುತ್ತಾಳೆ. ಎಂಟನೇ ಕ್ಲಾಸಿನಿಂದ ನಾನು ಅವಳ ದನಿ ಕೇಳಿದ್ದು ಹಾಜರಿಯ "ಎಸ್ ಸರ್" ಒಂದೇ. ಆ ಹುಡುಗಿ ನಾಲ್ಕು ತಿಂಗಳಲ್ಲಿ ಕೋಲು ಹಿಡಿದು ಬೋರ್ಡಿನ ಮುಂದೆ ನಿಂತಿದ್ದಾಳೆ! ಬೇಳೆ ಹೋದದ್ದಕ್ಕೂ ನನ್ನ ಹೊಟ್ಟೆ ಇಷ್ಟು ಉರಿದಿರಲಿಲ್ಲ.

"ನಮಗ ಗೊತ್ತಿರೂದು" ಅಂದಳು. "ಸರ್ ಇದ್ರು. ರಸ್ತಾ ಇತ್ತು. ನಮಗ ಗೊತ್ತಿಲ್ಲದ್ದು: ಹುಲಿ ಎಷ್ಟು ಇದ್ದವು. ಎಂಟನೇತ್ತದಾಗ ಸರ್ ಒಂದು ಅಂದ್ರು. ಒಂಬತ್ತನೇತ್ತದಾಗ ಎರಡು ಅಂದ್ರು. ಹತ್ತನೇತ್ತದವರಿಗೆ ಮರೀನೂ ಇದ್ದವು ಅಂದಾರಂತ."

"ಕತ್ತಲಿತ್ತವಾ" ಅಂದೆ.

"ಮಟಮಟ ಮಧ್ಯಾಹ್ನ ಅಂದಿದ್ರಿ ಸರ್."

ಹೆಡ್‌ಮಾಸ್ತರು ಕರ್ಚೀಫು ತೆಗೆದು ಬಾಯಿಗೆ ಹಿಡಿದುಕೊಂಡರು.

"ಮೂರನೇದು, ಹೆಂಗ ತಿಳ್ಕೊಂಡ್ವಿ ಅನ್ನೂದು. ಸರ್ ಹೇಳಿದ್ದ ಆ ತಿರುವು ನಮ್ಮ ಊರಿನ ತಿರುವು. ಗಣಪತಿ ಹಬ್ಬಕ್ಕ ಮನಿಗೆ ಹೋದಾಗ ಅಜ್ಜಾನ್ನ ಕೇಳಿದೆ." ಹುಡುಗಿ ಒಂದು ಕ್ಷಣ ನಿಂತಳು. ನಿಲ್ಲುವ ಆ ವಿದ್ಯೆಯನ್ನು ಕತೆ ಹೇಳುವಾಗ ನಾನೇ ಕಲಿಸಿದ್ದು. "ಅದು ಹುಲಿ ಅಲ್ರಿ. ನಮ್ಮ ಅಜ್ಜಾನ ಎಮ್ಮಿ ಕರು. ಅದನ್ನ ಕಂಡು ದಾಂಡೇಲಿ ಮಾಸ್ತರೊಬ್ರು ಮತ್ತಿ ಮರಾ ಹತ್ತಿದ್ರಂತ. ಹತ್ತಾಕ ಬಂತಂತ, ಇಳ್ಯಾಕ ಬರಲಿಲ್ಲಂತ. ಕಡೀಕ ಅಜ್ಜಾ ಏಣಿ ತಂದು ಇಳಿಸಿದ್ನಂತ."

ಇಡೀ ಕ್ಲಾಸು ಬೆಂಚು ಬಡಿದು ನಕ್ಕಿತು. ಟೀಚರ್ ಬೋರ್ಡಿನ ಕಡೆ ಮುಖ ತಿರುಗಿಸಿ ನಿಂತರು, ಭುಜ ಕುಣಿಯುತ್ತಿದ್ದವು. ಹೆಡ್‌ಮಾಸ್ತರು ಕಣ್ಣೊರೆಸಿಕೊಂಡು ಕೇಳಿದರು: "ಆತು, ಈಗ ಹೇಳ್ರಿ. ಇನ್ನ ಶನಿವಾರ ಯಾರಿಗೆ?"

ನಾನು ತಲೆ ತಗ್ಗಿಸಿದೆ. ಹುಡುಗಿಯೇ ಹೇಳಿದಳು: "ಅರ್ಧಾ ತಾಸು ಸರ್ರಿಗೆ, ಕತಿ ಹೇಳ್ಲಿ. ಉಳಿದ ಅರ್ಧಾ ತಾಸು ಟೀಚರ್ರಿಗೆ. ಅದರಾಗ ಖರೇ ಎಷ್ಟು ಅಂತ ನಾವು ಹುಡಕ್ತೇವಿ. ಸರ್ ಇದ್ರ ನಮಗ ಸಮಸ್ಯಾ ಕಡಿಮಿ ಬೀಳಂಗಿಲ್ರಿ."

ಕೈ ಎಣಿಸಿದರು. ಎಲ್ಲ ಕೈಗಳೂ ಮೇಲಿದ್ದವು. ನಾನೂ ಒಂದು ಕೈ ಎತ್ತಿದೆ, ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ರಜೆ ಮುಗಿದು ಮೊದಲ ಶನಿವಾರ ಬಂತು. ನನ್ನ ಅರ್ಧ ತಾಸಿಗೆ ಜೋಯಿಡಾದ ಕಾಳಿಂಗ ಸರ್ಪವೊಂದನ್ನು ಸಿದ್ಧ ಮಾಡಿಕೊಂಡು ಹೋದರೆ, ನನ್ನ ಖುರ್ಚಿಯಲ್ಲಿ ಒಬ್ಬ ಮುದುಕ. ತಲೆಗೆ ರುಮಾಲು, ಬಾಯಲ್ಲಿ ಎಲೆಯಡಿಕೆ. ಮಕ್ಕಳು ಅಜ್ಜನನ್ನೇ ಕರೆಸಿಬಿಟ್ಟಿದ್ದರು, ಖುದ್ದು ಸಾಕ್ಷಿ ಹೇಳಲು. ಅಜ್ಜ ಎದ್ದು ಕರುವಿನ ಹಾಗೆ ಕೂಗಿ ತೋರಿಸಿದ. ನನ್ನ ಹಾಗೆ ಮರ ಅಪ್ಪಿಕೊಂಡು ತೋರಿಸಿದ. ಇಪ್ಪತ್ತೆರಡು ವರ್ಷದಲ್ಲಿ ನನ್ನ ಎಲ್ಲ ಕತೆಗಳಿಗೆ ಸೇರಿ ಬಿದ್ದ ನಗು, ಅವನಿಗೆ ಆ ಅರ್ಧ ತಾಸಿನಲ್ಲಿ ಬಿತ್ತು. ಈಗ ಪ್ರತಿ ಶನಿವಾರ ಮಕ್ಕಳು ಕೇಳುವ ಮೊದಲ ಪ್ರಶ್ನೆ: "ಅಜ್ಜಾ ಇವತ್ತ ಬರ್ತಾನೇನ್ರಿ?" ಟೀಚರ್ ಮೇಲಿನ ಹೊಟ್ಟೆಕಿಚ್ಚು ಅವತ್ತೇ ಪೂರ್ತಿ ಆರಿಹೋಯಿತು. ಅಷ್ಟೂ ಅಜ್ಜನಿಗೆ ಬೇಕಾಯಿತು.

ಅಂದು ಹೋಗುವಾಗ ಅಜ್ಜ ನನ್ನನ್ನು ಬಾಗಿಲ ಮರೆಗೆ ಕರೆದು, ಹೆಗಲ ಮೇಲೆ ಕೈಯಿಟ್ಟು, ಬಹಳ ಮರ್ಯಾದೆಯಿಂದ ಹೇಳಿದ:

"ಮಾಸ್ತರ, ಆ ಏಣಿ ಇನ್ನೂ ಐತ್ರಿ. ಆ ಕಡೆ ಬರೂದಿದ್ರ ಮೊದ್ಲ ಒಂದು ಮಾತು ಹೇಳಿ ಕಳಸ್ರಿ. ಕರುವಿಗೆ ಈಗ ಮೊಮ್ಮಕ್ಕಳಾಗ್ಯಾವ."